ಲೆಕ್ಕಕ್ಕೇ ಬಾರದ ರಜೆ

ದಾವಣಗೆರೆಯಲ್ಲಿ ನನ್ನ ಬಳಿ ಆಪ್ತಸಲಹೆಗೆ ಬರುವ ಶಿಕ್ಷಕಿಯರಲ್ಲಿ ಅನೇಕರು ಕೇಳುವುದು ಒಂದೇ ಮಾತು: ‘ಮನೆಯಲ್ಲಿ ಹೀಗಾಗಿದೆ, ರಜೆ ಹಾಕಲೇ, ಶಾಲೆಗೆ ಹೋಗಲೇ?’ ಕೋವಿಡ್ ಕಾಲದಲ್ಲಿ ಶುರುವಾದ ಈ ಪ್ರಶ್ನೆ ಈಗಲೂ ನಿಂತಿಲ್ಲ, ಕಾಯಿಲೆಯ ಹೆಸರಷ್ಟೇ ಬದಲಾಗಿದೆ. ಅದಕ್ಕೇ 2021ರ ಈ ಪ್ರಕರಣವನ್ನು, ಆ ಕುಟುಂಬದ ಒಪ್ಪಿಗೆ ಪಡೆದು, ಗುರುತಿನ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆ ದಾವಣಗೆರೆಯಲ್ಲಿ, ದಿನವೂ ಬಸ್ಸಿನ ಓಡಾಟ. ಪತಿ ಇಲ್ಲಿಯೇ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಐದು ವರ್ಷದ ಮಗ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕಾದ ಅತ್ತೆ. ಅಕ್ಟೋಬರ್ 25ರಿಂದ ಒಂದರಿಂದ ಐದನೇ ತರಗತಿಗಳು ಆರಂಭ ಎಂದು ಆದೇಶ ಬಂದದ್ದೇ ತಡ, ಸೊಸೆ ರಜೆ ಹಾಕಬೇಕೆಂದು ಮನೆಯಲ್ಲಿ ತೀರ್ಮಾನವಾಗಿಹೋಗಿತ್ತು.

ಅವರ ಹೆದರಿಕೆ ಹುಸಿಯಲ್ಲ. ಹಿಂದಿನ ವರ್ಷ, ಶಾಲೆ ಮುಚ್ಚಿದ್ದಾಗ ಮಕ್ಕಳಿರುವಲ್ಲಿಗೇ ಹೋಗಿ ಕಲಿಸುವ ಸರ್ಕಾರದ ‘ವಿದ್ಯಾಗಮ’ ಕಾರ್ಯಕ್ರಮದಲ್ಲಿ ಗುಡಿಯ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದರು. ಸೋಂಕಿನ ಸುದ್ದಿಗಳು ಹೆಚ್ಚಿ 2020ರ ಅಕ್ಟೋಬರಿನಲ್ಲಿ ಅದು ನಿಂತಿತು. ಎರಡನೇ ಅಲೆಯಲ್ಲಿ ಪರಿಚಯದ ಶಿಕ್ಷಕರೊಬ್ಬರು ತೀರಿಕೊಂಡರು. ‘ನನ್ನಿಂದ ಅತ್ತೆಗೆ ಏನಾದರೂ ಆದರೆ ನಾನು ಬದುಕಿರಲಾರೆ’ ಎಂದು ಮೊದಲ ಭೇಟಿಯಲ್ಲೇ ಅತ್ತರು. ವೇತನವಿಲ್ಲದ ಅಸಾಧಾರಣ ರಜೆಗೆ ಬರೆದ ಅರ್ಜಿ ಕೈಚೀಲದಲ್ಲಿತ್ತು. ‘ಎಂದಿನಿಂದ’ ಎಂಬಲ್ಲಿ ದಿನಾಂಕ ಬರೆದಿದ್ದರು. ‘ಎಲ್ಲಿಯವರೆಗೆ’ ಎಂಬಲ್ಲಿ ಖಾಲಿ ಬಿಟ್ಟಿದ್ದರು.

ಮುಂದಿನ ಭೇಟಿಗೆ ಪತಿಯನ್ನೂ ಕರೆಸಿದೆ. ಇಬ್ಬರ ಕೈಗೂ ಒಂದೊಂದು ಹಾಳೆ ಕೊಟ್ಟು, ನಿಮ್ಮ ನಿಮ್ಮ ಖಾತೆಯಲ್ಲಿ ಎಷ್ಟು ರಜೆ ಇದೆ ಬರೆಯಿರಿ ಎಂದೆ. ಆಕೆ ತಡವಿಲ್ಲದೆ ಬರೆದರು. ಬೇಸಿಗೆ, ದಸರಾ ರಜೆ ಇರುವ ಇಲಾಖೆಯಾದ್ದರಿಂದ ಶಿಕ್ಷಕರಿಗೆ ವರ್ಷಕ್ಕೆ ಸಿಗುವ ಗಳಿಕೆ ರಜೆ (ಸೇವೆಯಿಂದ ಗಳಿಸುವ ವೇತನಸಹಿತ ರಜೆ) 10 ದಿನ. ಅದರಲ್ಲಿ ಉಳಿದಿದ್ದದ್ದು ಅಲ್ಪ. ಪತಿಯ ಪೆನ್ನು ಮಾತ್ರ ಹಾಳೆಯ ಮೇಲೇ ನಿಂತಿತು.

‘ನನ್ನ ರಜೆ ಇಲ್ಲಿ ಏಕೆ ಬಂತು ಮೇಡಂ?’

ಕಚೇರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ, 300 ದಿನಗಳವರೆಗೆ ಕೂಡಿಡಬಹುದು. ಅವರ ಖಾತೆಯಲ್ಲಿ 200 ದಾಟಿತ್ತು. ಕಾಯಿಲೆಯಾಗಿರುವುದು ಅವರ ಹೆತ್ತ ತಾಯಿಗೆ. ಲಾಕ್‌ಡೌನ್ ಸಡಿಲವಾದಂದಿನಿಂದ ಅವರು ಜನ ತುಂಬಿದ ಕಚೇರಿಗೆ ಹೋಗಿ ಬರುತ್ತಲೇ ಇದ್ದರು, ಸೋಂಕು ತಂದಾರು ಎಂದು ಒಬ್ಬರೂ ಅಂದಿರಲಿಲ್ಲ. ಇದನ್ನೆಲ್ಲ ನಾನು ಒಂದೊಂದಾಗಿ ಹೇಳುತ್ತಿದ್ದಾಗ ಆಕೆ ನಡುವೆ ಬಾಯಿ ಹಾಕಿದರು: ‘ಮೇಡಂ, ರಜೆ ಹಾಕು ಎಂದು ಹೇಳಿಸಿಕೊಳ್ಳಲು ನಾನು ಬಂದಿರಲಿಲ್ಲ. ಶಾಲೆಗೆ ಹೋಗು ಎಂದು ಯಾರಾದರೂ ಒಬ್ಬರು ಹೇಳಲಿ ಎಂದು ಬಂದೆ. ಒಂದನೇ ತರಗತಿಯ ಮಕ್ಕಳು ಇನ್ನೂ ನನ್ನ ಮುಖವನ್ನೇ ನೋಡಿಲ್ಲ.’

ಪತಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು, ‘ಡಯಾಲಿಸಿಸ್ ದಿನ ನಾನು ಹೋದರೆ ಅಮ್ಮ ಒಪ್ಪುತ್ತಾಳಾ?’ ಎಂದು.

ನಾನು ಹೇಳಿದ್ದು ಇಷ್ಟು. ಡಯಾಲಿಸಿಸ್ ದಿನಗಳು ಪತಿಯ ಗಳಿಕೆ ರಜೆಯ ಪಾಲಿಗೆ. ಅಸಾಧಾರಣ ರಜೆಯ ಅರ್ಜಿ ಕೊಡುವುದು ಬೇಡ. ಮೊದಲ ವಾರ ಅರ್ಧ ದಿನದ ತರಗತಿ, ಎರಡೂ ಡೋಸ್ ಲಸಿಕೆ ಆಗಿದೆ, ಹೋಗಿ ನೋಡಿ. ಮನೆಗೆ ಬಂದೊಡನೆ ಸ್ನಾನ, ಅತ್ತೆಯ ಕೋಣೆಯಲ್ಲಿ ಎಲ್ಲರಿಗೂ ಮಾಸ್ಕ್, ಕಚೇರಿಯಿಂದ ಬಂದವರಿಗೂ. ಅತ್ತೆಯ ಲಸಿಕೆಯ ಬಗ್ಗೆ ಅವರ ವೈದ್ಯರನ್ನೇ ಕೇಳಿ. ಮಹಿಳಾ ನೌಕರರಿಗೆ ಆ ವರ್ಷ ಸರ್ಕಾರ ಕೊಟ್ಟ ಶಿಶುಪಾಲನಾ ರಜೆ ಇಡೀ ಸೇವಾವಧಿಗೆ ಒಟ್ಟು ಆರು ತಿಂಗಳು ಮಾತ್ರ. ಮಗನಿಗೆ ಇನ್ನೂ ಐದು ವರ್ಷ, ಅದನ್ನು ಈಗಲೇ ಕರಗಿಸಬೇಡಿ. ಹಳ್ಳಿಯಲ್ಲಿ ಪ್ರಕರಣ ಹೆಚ್ಚಿದರೆ ಮತ್ತೆ ಕೂತು ಯೋಚಿಸೋಣ.

ಆಪ್ತಸಲಹೆಗಾರರು ಹೀಗೆ ನೇರವಾಗಿ ಸಲಹೆ ಕೊಡಬಾರದು, ಬಂದವರೇ ದಾರಿ ಕಂಡುಕೊಳ್ಳಬೇಕು ಎಂದು ನನ್ನ ಜೊತೆಯವರೇ ಆಕ್ಷೇಪಿಸಿದ್ದಾರೆ. ಆ ತತ್ವವನ್ನು ನಾನೂ ಗೌರವಿಸುತ್ತೇನೆ. ಆದರೆ ಮುಂದಿಟ್ಟ ಪ್ರಶ್ನೆಯಲ್ಲೇ ಅರ್ಧ ಉತ್ತರ ಮುಚ್ಚಿಹೋಗಿರುವಾಗ ಸುಮ್ಮನೆ ಕೇಳಿಸಿಕೊಂಡು ಕೂರುವುದು ತಟಸ್ಥತೆಯಲ್ಲ, ಮನೆಯವರ ತೀರ್ಮಾನಕ್ಕೆ ನನ್ನದೂ ಒಂದು ಸಹಿ ಹಾಕಿದಂತೆ. 2021ರ ಶಿಶುಪಾಲನಾ ರಜೆಯ ಆದೇಶವೂ ಮಹಿಳೆಯರಿಗೆ ಮಾತ್ರ ಎಂದಿದ್ದಾಗ, ಆರೈಕೆ ಎಂದರೆ ಹೆಂಗಸಿನ ರಜೆ ಎಂದು ಮನೆಗಳು ತಿಳಿದದ್ದರಲ್ಲಿ ಆಶ್ಚರ್ಯವೇನಿತ್ತು? ಆ ಸೌಲಭ್ಯ ಬೇಕು. ಅದೊಂದೇ ದಾರಿ ಎಂದಾಗಬಾರದು. ರಜೆ ಹಾಕಿ ಮನೆಯಲ್ಲೇ ಉಳಿದು ನೆಮ್ಮದಿ ಕಂಡ ಶಿಕ್ಷಕಿಯರೂ ನನಗೆ ಗೊತ್ತು, ಅವರಿಗೆ ಹೋಗಿ ಎಂದು ನಾನು ಹೇಳಿಲ್ಲ.

ಆಕೆ 25ರಂದು ಶಾಲೆಗೆ ಹೋದರು. ಡಯಾಲಿಸಿಸ್‌ಗೆ ತನ್ನ ಮಗ ಜೊತೆಗೆ ಬರುವುದಕ್ಕೆ ಅತ್ತೆ ಮೊದಲ ವಾರ ಗೊಣಗಿದರಂತೆ, ಸೊಸೆಯೇ ಬೇಕೆಂದು ಹಟ ಹಿಡಿದರಂತೆ. ಪತಿ ಬಿಡಲಿಲ್ಲ. ಈಗ ಇಂಥ ಪ್ರಶ್ನೆ ಹೊತ್ತು ಬರುವವರಿಗೆ ಫೋನಿನಲ್ಲೇ ಹೇಳುತ್ತೇನೆ: ಬರುವಾಗ ಇಬ್ಬರ ರಜೆಯ ಲೆಕ್ಕವನ್ನೂ ಬರೆದು ತನ್ನಿ.