ಕಡಲತೀರಕ್ಕೆ ಹೋಗುವ ಪ್ರವಾಸಿಗರು ಅಲ್ಲಿನವರಿಗೆ ಹೇಗೆ ನೆರವಾಗಬಹುದು?

ಡಿಸೆಂಬರ್ ರಜೆಯಲ್ಲಿ ಕುಮಟಾ, ಗೋಕರ್ಣದ ಕಡೆಗೆ ಹೊರಟಿರುವ ನೀವು, ಅಲ್ಲಿನ ಪರಿಸರಕ್ಕೂ ಮೂಲನಿವಾಸಿಗಳಿಗೂ ಪ್ರವಾಸಿಗರಿಂದ ಏನಾದರೂ ಉಪಯೋಗವಾದೀತೇ ಎಂದು ಕೇಳಿದ್ದೀರಿ. ನಾನು ಬೆಳಗಾವಿಯವನು, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ಹಲವು ವರ್ಷಗಳಿಂದ ಆ ಕಡೆಗೆ ಹೋಗಿಬರುತ್ತಿದ್ದೇನೆ. ದೇಣಿಗೆ ಕೊಡುವುದಕ್ಕಿಂತಲೂ, ನಾವು ಅಲ್ಲಿ ಖರ್ಚು ಮಾಡುವ ಹಣ ಯಾರ ಕೈ ಸೇರುತ್ತದೆ ಎಂಬುದೇ ಮುಖ್ಯವೆಂದು ನನಗೆ ಅನ್ನಿಸಿದೆ.

ಅಘನಾಶಿನಿಯನ್ನೇ ನೋಡಿ. ಶಿರಸಿಯ ಬಳಿ ಹುಟ್ಟಿ, ಅಣೆಕಟ್ಟಿಲ್ಲದೆ ಹರಿದು ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಈ ನದಿಯ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರಲ್ಲಿ ಪ್ರಕಟವಾಯಿತು. ಆದರೆ ಅದಕ್ಕೂ ಬಹಳ ಹಿಂದಿನಿಂದ ಅದನ್ನು ನಂಬಿ ಬದುಕುತ್ತ ಉಳಿಸಿಕೊಂಡು ಬಂದವರು ಹಾಲಕ್ಕಿ ಒಕ್ಕಲಿಗರು, ಅಂಬಿಗರು ಮೊದಲಾದ ಅಲ್ಲಿನ ಜನ. ಅವರು ಮಳೆಗಾಲದಲ್ಲಿ ಗಜನಿ (ಕಡಲ ಉಬ್ಬರದ ನೀರು ನುಗ್ಗುವ ತಗ್ಗು) ಗದ್ದೆಗಳಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆದು, ತೆನೆಯನ್ನಷ್ಟೇ ಕೊಯ್ದುಕೊಂಡು, ಉಳಿದ ಹುಲ್ಲನ್ನು ಸೀಗಡಿ ಮೀನುಗಳಿಗೆಂದು ನೀರಿನಲ್ಲಿಯೇ ಬಿಡುತ್ತಾರೆ. ಜೋಳದ ರೊಟ್ಟಿ ಉಂಡು ಬೆಳೆದ ನಮಗೆ ಆ ಕೆಂಪು ಅಕ್ಕಿಯ ಅನ್ನ ಮೊದಲು ಹಿಡಿಸದಿರಬಹುದು (ನಮ್ಮ ಮನೆಯಲ್ಲಿ ಈಗಲೂ ಅದಕ್ಕೆ ತಕರಾರಿದೆ), ಆದರೂ ಬೆಳೆದವರಿಂದಲೇ ನಾಲ್ಕು ಕಿಲೋ ಕೊಂಡು ತನ್ನಿ. ಸಾಣಿಕಟ್ಟೆಯ ಉಪ್ಪನ್ನೂ ತರಬಹುದು. ಕಗ್ಗಕ್ಕೆ ಬೆಲೆ ಬಂದರೆ ಗಜನಿ ಪಾಳು ಬೀಳುವುದಿಲ್ಲ.

ನೀವು ಹೋಗುವ ಕಾಲದಲ್ಲಿಯೇ ಆಲಿವ್ ರಿಡ್ಲೆ ಕಡಲಾಮೆಗಳು ಉತ್ತರ ಕನ್ನಡದ ಮರಳಿಗೆ ರಾತ್ರಿ ಹೊತ್ತು ಮೊಟ್ಟೆಯಿಡಲು ಬರುತ್ತವೆ. ಸುಮಾರು 45ರಿಂದ 60 ದಿನಗಳಲ್ಲಿ ಹೊರಬರುವ ಮರಿಗಳು ಬೆಳಕು ಹೆಚ್ಚಿರುವ ದಿಕ್ಕಿಗೆ ಹರಿಯುತ್ತವೆ. ಕತ್ತಲಲ್ಲಿ ಹೊಳೆಯುವ ಕಡಲಿನ ಬದಲು ನಮ್ಮ ದೀಪಗಳು ಕಂಡರೆ ದಿಕ್ಕುತಪ್ಪಿ ನೆಲದ ಕಡೆಗೆ ಬಂದು ಸಾಯುತ್ತವೆ. ಒಮ್ಮೆ ನಾವು ಕಾರನ್ನು ಮರಳಿನವರೆಗೆ ಇಳಿಸಿ, ಹೆಡ್‌ಲೈಟ್ ಬೆಳಕಿನಲ್ಲಿ ಊಟಕ್ಕೆ ಕುಳಿತಿದ್ದಾಗ, ಹಿರಿಯ ಮೀನುಗಾರರೊಬ್ಬರು ಬಂದು, "ದೀಪ ಆರಿಸ್ರಿ, ಆಮೆ ಬರೂ ಹೊತ್ತು" ಎಂದರು. ಅವರು ಬೈಯಲಿಲ್ಲ, ನಾವು ದೀಪ ಆರಿಸುವವರೆಗೆ ಅಲ್ಲಿಯೇ ನಿಂತಿದ್ದರು. ಆದ್ದರಿಂದ ರಾತ್ರಿ ದಂಡೆಯಲ್ಲಿ ಬೆಂಕಿ, ಟಾರ್ಚು, ವಾಹನ ಬೇಡ. ಮೊಟ್ಟೆ ಕಂಡರೆ ಮುಟ್ಟದೆ ಊರಿನ ಮೀನುಗಾರರಿಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.

ಹಾಲಕ್ಕಿ ಹೆಂಗಸರ ಮಣಿಸರಗಳನ್ನು ಕಂಡ ಕೂಡಲೇ ಮೊಬೈಲ್ ಎತ್ತಬೇಡಿ, ಮೊದಲು ಕೇಳಿ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರೂ ತುಳಸಿ ಗೌಡರೂ ಆ ಸಮುದಾಯದವರೇ. ಒಬ್ಬರು ಹಾಡುಗಳನ್ನು, ಇನ್ನೊಬ್ಬರು ಗಿಡಮರಗಳನ್ನು ಉಳಿಸಿದವರು. ಇನ್ನು ಸುಗ್ಗಿ ಕುಣಿತ ಹೋಳಿಯ ಹೊತ್ತಿಗೆ ಅವರ ಕೇರಿಗಳಲ್ಲಿ ನಡೆಯುವಂಥದ್ದು. ಡಿಸೆಂಬರ್‌ನಲ್ಲಿ ಅದನ್ನು ರೆಸಾರ್ಟಿನ ಅಂಗಳದಲ್ಲಿ ಆಡಿಸಿ ತೋರಿಸುತ್ತೇವೆಂದು ಯಾರಾದರೂ ಹೇಳಿದರೆ ಬೇಡವೆನ್ನಿ, ಸಾಧ್ಯವಾದರೆ ಸುಗ್ಗಿಗೆ ಇನ್ನೊಮ್ಮೆ ಹೋಗಿ.