ಓದುಗರ ಪ್ರಶ್ನೆ: ಪ್ಯಾಕೆಟ್ಟುಗಳ ಸರದಿ ಮತ್ತು ಚಿಪ್ಪಿನ ಲೆಕ್ಕ

ಪ್ರಶ್ನೆ: ಐರೋಲಿಯ ಡೇಟಾ ಸೆಂಟರೊಂದರಲ್ಲಿ ನೆಟ್‌ವರ್ಕ್ ವಿಭಾಗದಲ್ಲಿದ್ದೇನೆ. ಯಾವ ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಸಾಗುವ ಡೇಟಾದ ತುಣುಕು) ಮೊದಲು ಹೊರಡಬೇಕೆಂಬ ವಿಂಗಡಣೆಯನ್ನು ಸಾಫ್ಟ್‌ವೇರಿಗೆ ಬಿಡದೆ ಚಿಪ್ಪಿನೊಳಗೇ ಮಾಡುವುದೇಕೆ? ಕಾಲೇಜಿನಲ್ಲಿ ಕಲಿತ ಹೀಪ್ (ಅತಿ ಚಿಕ್ಕ ಸಂಖ್ಯೆಯನ್ನು ಸದಾ ಮೇಲಿಡುವ, ಮರದಂತೆ ಕವಲೊಡೆದ ಜೋಡಣೆ) ಸಾಲದೆ? ಇನ್ನೊಂದು: ಧ್ವನಿ, ವಿಡಿಯೋಗಳಿಗೆ ಅಗ್ರ ಆದ್ಯತೆ ಕೊಟ್ಟರೆ ಬ್ಯಾಕಪ್ ನಿಂತೇ ಹೋಗುತ್ತದೆ. ಏನು ಮಾಡಬೇಕು?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಹೀಪಿನಲ್ಲಿ ದೋಷವಿಲ್ಲ, ಸಮಯ ಸಾಲುವುದಿಲ್ಲ. ತಂತಿಯ ಮೇಲೆ ಪ್ಯಾಕೆಟ್ಟನ್ನು ಹೊರುವ ಈಥರ್ನೆಟ್ ಫ್ರೇಮ್ ಅತಿ ಚಿಕ್ಕದೆಂದರೆ 64 ಬೈಟಿನದು. ಅದಕ್ಕೂ ಮೊದಲು ಬರುವ ಸೂಚನೆಯ ಬೈಟುಗಳು (ಪ್ರಿಯಾಂಬಲ್) ಮತ್ತು ಎರಡು ಫ್ರೇಮುಗಳ ನಡುವಣ ಕಡ್ಡಾಯ ತೆರವು ಸೇರಿದರೆ ತಂತಿಯ ಮೇಲೆ 84 ಬೈಟಿನಷ್ಟು ಜಾಗ ಹಿಡಿಯುತ್ತದೆ. 100 ಗಿಗಾಬಿಟ್ ಲಿಂಕಿನಲ್ಲಿ ಇದು 6.72 ನ್ಯಾನೋಸೆಕೆಂಡಿನಲ್ಲಿ ಮುಗಿಯುವುದರಿಂದ, 1 ಗಿಗಾಹರ್ಟ್ಸ್ ಚಿಪ್ಪಿಗೆ ಒಂದು ಪ್ಯಾಕೆಟ್ಟನ್ನು ಸಾಲಿಗೆ ಸೇರಿಸಿ ಇನ್ನೊಂದನ್ನು ಹೊರತೆಗೆಯಲು ಏಳು ಕ್ಲಾಕ್ ಸೈಕಲ್‌ಗಳೂ ಪೂರ್ತಿ ಸಿಗುವುದಿಲ್ಲ. 65,535 ನಮೂದುಗಳ ಹೀಪಿಗೆ 16 ಹಂತಗಳು, ಹಂತ ಹಂತಕ್ಕೂ ಮೆಮೊರಿ ಓದಿ ಹೋಲಿಸಬೇಕು; ಹೊರಗಿನ ಮೆಮೊರಿ ಚಿಪ್ಪಾದ ಡಿರ್ಯಾಮಿನಿಂದ ಒಂದು ಸಲ ಓದುವುದಕ್ಕೇ ಹತ್ತಾರು ನ್ಯಾನೋಸೆಕೆಂಡು ಬೇಕು.

ಆದ್ದರಿಂದ ಚಿಪ್ಪಿನಲ್ಲಿ ಹೋಲಿಕೆಗಳನ್ನು ಒಂದಾದ ಮೇಲೊಂದರಂತೆ ಮಾಡದೆ ಏಕಕಾಲಕ್ಕೆ ಮಾಡುತ್ತಾರೆ. ಶಿಫ್ಟ್ ರಿಜಿಸ್ಟರ್ (ಸಂಖ್ಯೆಗಳು ಪಕ್ಕಕ್ಕೆ ಸರಿಯಬಲ್ಲ ಕೋಶಗಳ ಸಾಲು) ವಿಧಾನದಲ್ಲಿ ಪ್ರತಿ ಕೋಶಕ್ಕೂ ಎರಡು ಸಂಖ್ಯೆಗಳನ್ನು ಹೋಲಿಸುವ ಒಂದು ಕಂಪೇರೇಟರ್ ಇರುತ್ತದೆ. ಪ್ರತಿ ಪ್ಯಾಕೆಟ್ಟಿಗೂ ಸರದಿಯ ಸಂಖ್ಯೆಯೊಂದಿದ್ದು, ಚಿಕ್ಕದು ಮೊದಲು ಹೊರಡುತ್ತದೆ. ಕೋಶಗಳಲ್ಲಿ 12, 15, 20 ಇದ್ದು, 17 ಬಂತೆನ್ನಿ. ಅದು ಎಲ್ಲ ಕೋಶಗಳಿಗೂ ಒಟ್ಟಿಗೆ ತಲುಪುತ್ತದೆ. 12 ಮತ್ತು 15 ಕದಲುವುದಿಲ್ಲ, 20 ಒಂದು ಸ್ಥಾನ ಹಿಂದೆ ಸರಿಯುತ್ತದೆ, ತೆರವಾದಲ್ಲಿ 17 ಕೂರುತ್ತದೆ. ಸಾಲು ಎಷ್ಟೇ ಉದ್ದವಿದ್ದರೂ ಒಂದೇ ಸೈಕಲ್ಲಿನ ಕೆಲಸ ಎನಿಸುತ್ತದೆ, ಆದರೆ ಎಲ್ಲ ಕೋಶಗಳಿಗೂ ಸಂಖ್ಯೆಯನ್ನು ಒಯ್ಯುವ ತಂತಿ ಉದ್ದವಾದಷ್ಟೂ ಗಡಿಯಾರವನ್ನೇ ನಿಧಾನಗೊಳಿಸಬೇಕಾಗುತ್ತದೆ. ಸಿಸ್ಟಾಲಿಕ್ ಅರೇ ಎಂಬ ಇನ್ನೊಂದು ಬಗೆಯ ಕೋಶಗಳ ಸಾಲಿನಲ್ಲಿ ಸಂಖ್ಯೆ ನೆರೆಯ ಕೋಶಕ್ಕಷ್ಟೇ ದಾಟುವುದರಿಂದ ಈ ತೊಡಕಿಲ್ಲ. ನಿಮ್ಮ ಹೀಪಿಗೂ ಇಲ್ಲಿ ಜಾಗವಿದೆ: ಪ್ರತಿ ಹಂತಕ್ಕೂ ಪ್ರತ್ಯೇಕ ಮೆಮೊರಿ ಕೊಟ್ಟು ಪೈಪ್‌ಲೈನ್ ಮಾಡಿದರೆ, ಒಂದು ಸಂಖ್ಯೆ ತಳ ಮುಟ್ಟುವ ಮೊದಲೇ ಮುಂದಿನದು ಮೇಲಿನಿಂದ ಇಳಿಯತೊಡಗುತ್ತದೆ.

ಇದೆಲ್ಲಕ್ಕಿಂತ ಜಾಣತನದ್ದು ವಿಂಗಡಿಸಬೇಕಾದುದನ್ನೇ ಕಡಿಮೆ ಮಾಡುವ ಉಪಾಯವೆಂದು ನನ್ನ ಅಭಿಪ್ರಾಯ. ಒಂದೇ ಫ್ಲೋಗೆ, ಅಂದರೆ ಒಂದೇ ಸಂಪರ್ಕದ ಹರಿವಿಗೆ, ಸೇರಿದ ಪ್ಯಾಕೆಟ್ಟುಗಳು ಸಾಮಾನ್ಯವಾಗಿ ತಮ್ಮೊಳಗೆ ಕ್ರಮದಲ್ಲೇ ಇರುವುದರಿಂದ ಪ್ರತಿ ಫ್ಲೋದ ಮೊದಲ ಪ್ಯಾಕೆಟ್ಟನ್ನಷ್ಟೇ ವಿಂಗಡಿಸಿದರೆ ಸಾಕು. 2016ರಲ್ಲಿ ಪ್ರಕಟವಾದ ಪಿಫೋ (ಎಲ್ಲಿಗಾದರೂ ಸೇರಿಸಿ, ಮುಂದಿನ ತುದಿಯಿಂದಷ್ಟೇ ತೆಗೆಯುವ ಸಾಲು) ವಿನ್ಯಾಸ ಇದನ್ನೇ ನೆಚ್ಚಿಕೊಂಡಿದೆ. ಅಂದಹಾಗೆ, ಒಂದೇ ಜಾಲವನ್ನು ಹಲವು ಜಾಲಗಳಂತೆ ಬೇರ್ಪಡಿಸಲು ಫ್ರೇಮಿಗೆ ಹಚ್ಚುವ ವಿಎಲ್ಯಾನ್ ಟ್ಯಾಗಿನಲ್ಲಿ ಆದ್ಯತೆಗೆ ಮೂರೇ ಬಿಟ್‌ಗಳಿರುವುದರಿಂದ ಎಂಟು ದರ್ಜೆಗಳಷ್ಟೇ ಸಾಧ್ಯ. ಅಷ್ಟಕ್ಕೆ ವಿಂಗಡಣೆಯೇ ಬೇಡ, ಯಾವ ದರ್ಜೆಯಲ್ಲಿ ಪ್ಯಾಕೆಟ್ ಇದೆಯೆಂದು ತೋರುವ ಎಂಟು ಬಿಟ್ಟಿನ ಒಂದು ನಕ್ಷೆ ಮತ್ತು ಅವುಗಳಲ್ಲಿ ಅತಿ ಮೇಲಿನದನ್ನು ಆರಿಸುವ ಪ್ರಯಾರಿಟಿ ಎನ್ಕೋಡರ್ ಸಾಕು.

ಇನ್ನು ಬ್ಯಾಕಪ್ ವಿಚಾರ. ಆದ್ಯತೆಯಿಂದ ಲಿಂಕಿನ ಸಾಮರ್ಥ್ಯ ಹೆಚ್ಚುವುದಿಲ್ಲ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಕಲ್ಯಾಣದಾಚೆ ಕಸಾರಾ ಲೋಕಲ್ ರೈಲು ಕಾಯುವಂತೆ, ಮೇಲ್ದರ್ಜೆಯ ಸಾಲು ಖಾಲಿಯಾಗುವವರೆಗೆ ಕೆಳಗಿನದನ್ನು ಬಿಡದ ಸ್ಟ್ರಿಕ್ಟ್ ಪ್ರಯಾರಿಟಿಯಲ್ಲಿ ಕೆಳದರ್ಜೆಯ ಸಾಲು ಕಾಯುತ್ತಲೇ ಇರುತ್ತದೆ. ಧ್ವನಿಯನ್ನಷ್ಟೇ ಅಗ್ರಸ್ಥಾನದಲ್ಲಿಟ್ಟು ಅದಕ್ಕೂ ಒಂದು ದರಮಿತಿ ಹಾಕಿರಿ. ವಿಡಿಯೋವನ್ನು ಬ್ಯಾಕಪ್ಪಿನೊಂದಿಗೆ ಡೆಫಿಸಿಟ್ ರೌಂಡ್ ರಾಬಿನ್‌ಗೆ ಒಪ್ಪಿಸಿ, ಹೆಚ್ಚಿನ ಪಾಲು ಕೊಡಿರಿ. 1995ರಲ್ಲಿ ಶ್ರೀಧರ್ ಮತ್ತು ವರ್ಗೀಸ್ ಮಂಡಿಸಿದ ಈ ಕ್ರಮದಲ್ಲಿ ಪ್ರತಿ ಸಾಲಿಗೂ ಸುತ್ತಿಗೆ ಇಂತಿಷ್ಟು ಬೈಟ್ ಸಿಗುತ್ತದೆ, ಪ್ಯಾಕೆಟ್ ದೊಡ್ಡದಾಗಿ ಹೊರಡಲಾಗದಿದ್ದರೆ ಉಳಿದ ಬೈಟುಗಳು ಮುಂದಿನ ಸುತ್ತಿಗೆ ಜಮೆಯಾಗುತ್ತವೆ.