ರ‍್ಯಾಮ್‌ನಲ್ಲಿ ಬಿಟ್ ತಿರುಗಿದರೂ ಹಾಳಾಗದ ಡೇಟಾ ಸ್ಟ್ರಕ್ಚರ್ ಮಾಡಬಹುದಾ?

ನಿಮ್ಮ ಪ್ರಶ್ನೆ ಇದು: ಇಸಿಸಿ ಮೆಮೊರಿ (ತನ್ನ ತಪ್ಪನ್ನು ತಾನೇ ಹಿಡಿದು ಸರಿ ಮಾಡುವ ಮೆಮೊರಿ) ಇಲ್ಲದ ಪುಟ್ಟ ಬೋರ್ಡೊಂದು ತಿಂಗಳುಗಟ್ಟಲೆ ಆಫ್ ಆಗದೆ ಓಡಬೇಕು. ಎಲ್ಲೋ ಒಂದು ಬಿಟ್ ತಿರುಗಿದರೂ (0 ಇದ್ದದ್ದು 1, ಇಲ್ಲಾ 1 ಇದ್ದದ್ದು 0 ಆದರೂ) ಲಿಸ್ಟು, ಟೇಬಲ್ಲು ಕೆಡದ ಹಾಗೆ ಕೋಡ್‌ನಲ್ಲೇ ನೋಡಿಕೊಳ್ಳಬಹುದಾ, ಇಲ್ಲಾ ಇಸಿಸಿ ಇರುವ ಬೋರ್ಡನ್ನೇ ಕೊಳ್ಳುವುದು ವಾಸಿಯಾ? ನಾನು ಸ್ಟೋರೇಜ್ ಸಾಫ್ಟ್‌ವೇರ್ ಬರೆಯುವವನು, ಇದರ ಜೊತೆಗೇ ದಿನ ಕಳೆಯುತ್ತೇನೆ. ದುಡ್ಡು ಹೊಂದುವುದಾದರೆ ಇಸಿಸಿ ಕೊಳ್ಳಿ. ಆದರೆ ಅದಿದ್ದರೂ ಕೋಡ್‌ನ ಕೆಲಸ ತಪ್ಪುವುದಿಲ್ಲ.

ಇಸಿಸಿ ಸಾಮಾನ್ಯವಾಗಿ ಪ್ರತಿ 64 ಬಿಟ್‌ಗೆ 8 ಬಿಟ್ ಹೆಚ್ಚಿಗೆ ಇಟ್ಟುಕೊಳ್ಳುತ್ತದೆ. ಒಂದು ಬಿಟ್ ತಿರುಗಿದರೆ ಸರಿ ಮಾಡುತ್ತದೆ. ಎರಡು ತಿರುಗಿದರೆ ಕೆಟ್ಟಿದೆ ಎಂದು ಹೇಳುತ್ತದೆ, ಅಷ್ಟೇ. ಗೂಗಲ್‌ನ ಸರ್ವರ್‌ಗಳ ಮೇಲೆ ನಡೆದ ಅಧ್ಯಯನವೊಂದು 2009ರಲ್ಲಿ ಬಂತು. ಒಂದು ವರ್ಷದಲ್ಲಿ ಶೇ. 8ಕ್ಕಿಂತ ಜಾಸ್ತಿ ಮೆಮೊರಿ ಸ್ಟಿಕ್‌ಗಳು ತಪ್ಪು ತೋರಿಸಿದ್ದವು. ಎಲ್ಲರೂ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳನ್ನು ದೂರುತ್ತಾರೆ, ಆದರೆ ಅಲ್ಲಿ ಕಂಡದ್ದರಲ್ಲಿ ಹೆಚ್ಚಿನವು ಹಾರ್ಡ್‌ವೇರೇ ಕೆಟ್ಟು ಬಂದ ತಪ್ಪುಗಳು. ಇನ್ನೊಂದು ವಿಷಯ ಇದೆ. ನಿಮ್ಮದೇ ಬಗ್ ಒಂದು ಲಿಸ್ಟಿನ ಯಾವುದೋ ಕೊಂಡಿಯ, ಅಂದರೆ ನೋಡ್‌ನ ಮೇಲೆ ಕಸ ಬರೆದರೆ, ಇಸಿಸಿಯ ಲೆಕ್ಕದಲ್ಲಿ ಅದು ಸರಿಯಾದ ಬರಹವೇ. ಅದನ್ನು ಹಿಡಿಯಲು ಡೇಟಾ ಸ್ಟ್ರಕ್ಚರ್ ಒಳಗೇ ತಪಾಸಣೆ ಬೇಕು.

ಬಿಟ್ ತಿರುಗುವ ಸಾಧ್ಯತೆ ಎಷ್ಟು ಎಂದು ತುಂಬ ಜನ ಕೇಳುತ್ತಾರೆ. ತಿರುಗಿದರೆ ಎಷ್ಟು ಡೇಟಾ ಕೈತಪ್ಪುತ್ತದೆ ಎಂದು ಕೇಳುವುದು ಇನ್ನೂ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. 10ರಿಂದ 70ರವರೆಗೆ ಹತ್ತು ಹತ್ತರಂತೆ ಏಳು ಸಂಖ್ಯೆಗಳು ಸಾಲಾಗಿ ಇವೆ ಅಂದುಕೊಳ್ಳಿ. 20 ಹುಡುಕಬೇಕು. ಪ್ರತಿ ಸಲ ನಡುವಿನದನ್ನು ನೋಡಿ ಒಂದು ಅರ್ಧವನ್ನು ಬಿಟ್ಟುಬಿಡುವ ಬೈನರಿ ಸರ್ಚ್ ಮೊದಲು ನಡುವಿನ 40 ನೋಡುತ್ತದೆ. ಅದು ಬೈನರಿಯಲ್ಲಿ 101000. ಎಡತುದಿಯ 1 ತಿರುಗಿ 0 ಆದರೆ ಅಲ್ಲಿ ಉಳಿಯುವುದು 8. ಎಂಟಕ್ಕಿಂತ 20 ದೊಡ್ಡದು, ಹಾಗಾಗಿ ಕೋಡ್ ಬಲಕ್ಕೆ ಹೋಗುತ್ತದೆ. ಬಲಗಡೆ 20 ಇಲ್ಲವೇ ಇಲ್ಲ. 10, 20, 30 ಮೂರೂ ತಮ್ಮ ಜಾಗದಲ್ಲಿ ಚೆನ್ನಾಗೇ ಇವೆ, ಆದರೂ ಒಂದೂ ಸಿಗುವುದಿಲ್ಲ. ಹತ್ತು ಲಕ್ಷ ಸಂಖ್ಯೆಗಳಿದ್ದರೂ ಇದೇ ಕಥೆ, ನಡುವಿನದೊಂದು ಹೀಗೆ ಕೆಟ್ಟರೆ ಅರ್ಧದಷ್ಟು ಮರೆಯಾಗಬಹುದು. ಪ್ರೋಗ್ರಾಂ ಕ್ರ್ಯಾಶ್ ಕೂಡ ಆಗುವುದಿಲ್ಲ. ಸುಮ್ನೆ ತಪ್ಪು ಉತ್ತರ ಕೊಟ್ಟು ಮುಂದೆ ಹೋಗುತ್ತದೆ.

ರೋಮ್‌ನ ಸಂಶೋಧಕರಾದ ಐರೀನ್ ಫಿನೋಕಿ ಮತ್ತು ಜುಸೆಪ್ಪೆ ಇಟಾಲಿಯಾನೋ 2004ರಲ್ಲಿ ಇದನ್ನು ಒಂದು ಗಣಿತದ ಮಾದರಿಗೆ ತಂದರು. ಆ ಮಾದರಿಯಲ್ಲಿ ಶತ್ರುವೊಬ್ಬ ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ, ಇಂತಿಷ್ಟು ಅನ್ನುವ ಮಿತಿಯವರೆಗೆ ಮೆಮೊರಿಯ ವರ್ಡ್‌ಗಳನ್ನು (ಒಟ್ಟಿಗೆ ಓದುವ ಬಿಟ್‌ಗಳ ಗುಂಪುಗಳನ್ನು) ಕೆಡಿಸಬಹುದು. ಕೆಡದ ಜಾಗ ಅಂತ ನಿಮಗಿರುವುದು ಬೆರಳೆಣಿಕೆಯ ವೇರಿಯಬಲ್‌ಗಳಷ್ಟು. ಕೆಟ್ಟ ಕೀ (ಹುಡುಕಲು ಬಳಸುವ ಸಂಖ್ಯೆ) ಬಗ್ಗೆ ಯಾವ ಭರವಸೆಯೂ ಇಲ್ಲ, ಆದರೆ ಕೆಡದೆ ಉಳಿದ ಪ್ರತಿಯೊಂದು ಕೀ ಹುಡುಕಿದಾಗ ಸಿಗಲೇಬೇಕು. ಈ ಷರತ್ತು ನನಗೆ ತುಂಬ ಇಷ್ಟ. ಆಗದ್ದನ್ನು ಕೇಳುವುದಿಲ್ಲ, ಆಗುವುದನ್ನು ಬಿಡುವುದೂ ಇಲ್ಲ. ಎಲ್ಲದಕ್ಕೂ ಹಲವು ಪ್ರತಿ ಇಟ್ಟು ಬಹುಮತ ಕೇಳುವುದು ನೇರವಾದ ದಾರಿ, ಆದರೆ 10 ವರ್ಡ್ ಕೆಡಬಹುದು ಎಂದರೆ ಒಂದೊಂದಕ್ಕೂ 21 ಪ್ರತಿ ಬೇಕು. ಅಷ್ಟು ಖರ್ಚಿಲ್ಲದೆ, ಸಾಮಾನ್ಯ ಹುಡುಕಾಟದ ಹೆಜ್ಜೆಗಳ ಮೇಲೆ ಕೆಡಬಹುದಾದ ವರ್ಡ್‌ಗಳ ಸಂಖ್ಯೆಗೆ ತಕ್ಕಷ್ಟು ಹೆಜ್ಜೆ ಸೇರಿಸಿದರೆ ಸಾಕು ಎಂದು ಮುಂದಿನ ವರ್ಷಗಳಲ್ಲಿ ಸಾಬೀತಾಯಿತು.

ನಿಮ್ಮ ಬೋರ್ಡಿಗೆ ಅಷ್ಟು ದೂರ ಹೋಗಬೇಕಿಲ್ಲ. ಡಬಲ್ ಲಿಂಕ್ಡ್ ಲಿಸ್ಟ್‌ನಿಂದ ಶುರು ಮಾಡಿ. ಅದರ ಪ್ರತಿ ನೋಡ್‌ನಲ್ಲೂ ಮುಂದಿನದರ, ಹಿಂದಿನದರ ವಿಳಾಸ ಹೇಳುವ ಎರಡು ಪಾಯಿಂಟರ್ ಇರುತ್ತವೆ. ಟೇಲರ್, ಮಾರ್ಗನ್, ಬ್ಲ್ಯಾಕ್ ಎಂಬ ಮೂವರು ಸಂಶೋಧಕರು 1980ರಲ್ಲೇ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಪ್ರತಿ ನೋಡ್‌ನಲ್ಲಿ ಈ ಲಿಸ್ಟಿಗೆ ಸೇರಿದ್ದು ಎನ್ನುವ ಗುರುತಿನ ಸಂಖ್ಯೆ, ಲಿಸ್ಟಿನ ತಲೆಭಾಗವಾದ ಹೆಡರ್‌ನಲ್ಲಿ ಒಟ್ಟು ನೋಡ್‌ಗಳ ಲೆಕ್ಕ. ಹೆಚ್ಚಿಗೆ ಬೇಕಾದದ್ದು ಇಷ್ಟೇ. ಕ, ಖ, ಗ, ಘ ನಾಲ್ಕು ನೋಡ್ ಇವೆ, ಖ ನೋಡ್‌ನ ಮುಂದಿನ ಪಾಯಿಂಟರ್ ಕೆಟ್ಟಿದೆ ಎನ್ನಿ. ಕದಿಂದ ಖಕ್ಕೆ ಬಂದಿರಿ, ಅಲ್ಲಿಂದ ಎಲ್ಲೋ ಹೋದಿರಿ. ಹೋದ ಜಾಗದಲ್ಲಿ ಗುರುತಿನ ಸಂಖ್ಯೆ ಇಲ್ಲ, ಅದರ ಹಿಂದಿನ ಪಾಯಿಂಟರ್ ಖ ಕಡೆ ತೋರಿಸುವುದೂ ಇಲ್ಲ. ಅಲ್ಲೇ ನಿಲ್ಲಿ. ಈಗ ಕೊನೆಯಿಂದ ಹಿಂದಕ್ಕೆ ನಡೆಯಿರಿ: ಘ, ಗ, ಆಮೇಲೆ ಖ. ಗ ನೋಡ್ ತನ್ನ ಹಿಂದೆ ಇರುವುದು ಖ ಎನ್ನುತ್ತಿದೆ, ಎಣಿಸಿದರೆ ನಾಲ್ಕೂ ಇವೆ. ಹಾಗಾದರೆ ಖದ ಮುಂದಿನದು ಗ. ಬರೆದು ಸರಿ ಮಾಡಿ, ಕೆಲಸ ಮುಂದುವರಿಸಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲೂ ಲಿಸ್ಟ್ ಡಿಬಗ್ ಆಯ್ಕೆ ಆನ್ ಮಾಡಿದರೆ, ನೋಡ್ ಸೇರಿಸುವಾಗ, ತೆಗೆಯುವಾಗ ಅಕ್ಕಪಕ್ಕದ ಪಾಯಿಂಟರ್‌ಗಳು ಒಂದಕ್ಕೊಂದು ಒಪ್ಪುತ್ತವೆಯೇ ಎಂದು ನೋಡುತ್ತದೆ. ದೂರು ಹೇಳುತ್ತದೆ, ರಿಪೇರಿ ಮಾಡುವುದಿಲ್ಲ.

ಈ ರಿಪೇರಿ ನಿಂತಿರುವುದು ಒಂದೇ ಪೆಟ್ಟು ಬಿದ್ದಿದೆ ಎನ್ನುವುದರ ಮೇಲೆ. ಆದ್ದರಿಂದ ಬಿಡುವಾದಾಗೆಲ್ಲ ಇಡೀ ಲಿಸ್ಟನ್ನು ಒಮ್ಮೆ ನಡೆದು ಸರಿಪಡಿಸುವ ಸಣ್ಣ ಟಾಸ್ಕ್ ಬೇಕು. ಇಲ್ಲದಿದ್ದರೆ ತಪ್ಪುಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ.

ಪಾಯಿಂಟರ್ ಬದಲು ಅರ್ರೇ ಇಂಡೆಕ್ಸ್ (ಸಾಲಿನಲ್ಲಿ ಎಷ್ಟನೇ ಜಾಗ ಎನ್ನುವ ಸಂಖ್ಯೆ) ಬಳಸಿದರೆ ಇನ್ನೂ ಒಳ್ಳೆಯದು. 200 ಜಾಗದ ಅರ್ರೇ ಇದ್ದು ಇಂಡೆಕ್ಸ್ 65,000 ಅಂತ ಬಂದರೆ ತಕ್ಷಣ ಸಿಕ್ಕಿಬೀಳುತ್ತದೆ. ನೋಡ್‌ಗಳು ಕೊಂಬೆಗಳಂತೆ ಕವಲೊಡೆಯುವ ಟ್ರೀ ಬೇಕೇ ಬೇಕೆಂದರೆ ಒಂದೊಂದು ಕೀಗೆ ಒಂದೊಂದು ನೋಡ್ ಇರುವ ರೆಡ್-ಬ್ಲ್ಯಾಕ್ ಟ್ರೀ ಬೇಡ, ಒಂದರಲ್ಲೇ ಹಲವು ಕೀ ಹಿಡಿಸುವ ದಪ್ಪ ನೋಡ್‌ಗಳ ಬಿ-ಟ್ರೀ ತಗೊಳ್ಳಿ. ನೋಡ್‌ಗೊಂದು ಸಿಆರ್‌ಸಿ, ಅಂದರೆ ಡೇಟಾದಿಂದ ಲೆಕ್ಕ ಹಾಕಿದ ತಪಾಸಣೆ ಸಂಖ್ಯೆ, ಹಾಕಬಹುದು, ಪಾಯಿಂಟರ್‌ಗಳೂ ಕಡಿಮೆ. ಆದರೆ ಸಿಆರ್‌ಸಿ ಲೆಕ್ಕ ಹಾಕುವ ಮೊದಲೇ ಬಿಟ್ ತಿರುಗಿದ್ದರೆ, ಕೆಟ್ಟ ಡೇಟಾಕ್ಕೇ ಸರಿಯಾದ ಸಿಆರ್‌ಸಿ ಬಂದುಬಿಡುತ್ತದೆ! ಅದಕ್ಕೇ ಬಿಟಿಆರ್‌ಎಫ್‌ಎಸ್ ಫೈಲ್ ಸಿಸ್ಟಮ್ ಡಿಸ್ಕಿಗೆ ಬರೆಯುವ ಮೊದಲು ಟ್ರೀ ಬ್ಲಾಕ್‌ನಲ್ಲಿ ಕೀಗಳು ಕ್ರಮವಾಗಿ ಇವೆಯೇ ಎಂದು ಪರೀಕ್ಷಿಸುತ್ತದೆ. ಕೆಟ್ಟ ರ‍್ಯಾಮ್ ಅಲ್ಲಿ ಸಿಕ್ಕಿಬಿದ್ದ ಉದಾಹರಣೆಗಳು ಬೇಕಾದಷ್ಟಿವೆ.

ಹೌದು-ಇಲ್ಲ ಎನ್ನುವ ಫ್ಲ್ಯಾಗ್‌ಗೆ 1 ಮತ್ತು 0 ಇಡಬೇಡಿ, ಒಂದೇ ಬಿಟ್ ತಿರುಗಿದರೆ ಅರ್ಥವೇ ಉಲ್ಟಾ. 01011010 ಮತ್ತು 10100101 ಇಡಿ. ಎಂಟೂ ಬಿಟ್ ಬೇರೆ ಬೇರೆ, ನಡುವೆ ಇನ್ನೇನು ಬಂದರೂ ಕೆಟ್ಟಿದೆ ಎಂದೇ ಅರ್ಥ. ಸಿ ಭಾಷೆಯಲ್ಲಿ ಬರೆಯುವುದಾದರೆ ಕೋಡನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರ್ ಮೇಲೆ ಒಂದು ಕಣ್ಣಿರಲಿ. ಈಗಷ್ಟೇ ಬರೆದ ಎರಡು ಪ್ರತಿ ಬೇರೆಯಾಗಲು ಸಾಧ್ಯವೇ ಇಲ್ಲ ಎಂದುಕೊಂಡು ಅದು ನಿಮ್ಮ ಹೋಲಿಕೆಯನ್ನೇ ಕಿತ್ತುಹಾಕಬಹುದು. ಆ ಪ್ರತಿಗಳನ್ನು ವೋಲಟೈಲ್ (ಪ್ರತಿ ಸಲವೂ ಮೆಮೊರಿಯಿಂದಲೇ ಓದು ಎನ್ನುವ ಸೂಚನೆ) ಎಂದು ಗುರುತಿಸಿ, ಹೊರಬಂದ ಆದೇಶಗಳ ಪಟ್ಟಿಯನ್ನೂ (ಅಸೆಂಬ್ಲಿ) ಒಮ್ಮೆ ನೋಡಿ.

ಕೊನೆಗೆ ಪರೀಕ್ಷೆ. ನಿಮ್ಮ ಟೇಬಲ್ 4 ಕಿಲೋಬೈಟ್ ಇದ್ದರೆ ಅದರಲ್ಲಿರುವುದು 32,768 ಬಿಟ್. ಒಂದು ಲೂಪ್ ಹಾಕಿ ಒಂದೊಂದೇ ಬಿಟ್ ತಿರುಗಿಸಿ, ಎಲ್ಲ ಹುಡುಕಾಟ ಓಡಿಸಿ, ಕೆಡದ ಪ್ರತಿಯ ಉತ್ತರದ ಜೊತೆ ಹೋಲಿಸಿ. ಸರಿಯಾಯಿತಾ, ಹಿಡಿಯಿತಾ, ಕ್ರ್ಯಾಶ್ ಆಯಿತಾ, ಸದ್ದಿಲ್ಲದೆ ತಪ್ಪು ಉತ್ತರ ಕೊಟ್ಟಿತಾ ಎಂದು ಬರೆದಿಟ್ಟುಕೊಳ್ಳಿ. ಕೊನೆಯ ಬಗೆಯವು ಯಾವ ಫೀಲ್ಡ್‌ನಲ್ಲಿ ಜಾಸ್ತಿ ಇವೆಯೋ, ಮುಂದಿನ ತಪಾಸಣೆಯನ್ನು ಅಲ್ಲಿ ಸೇರಿಸಿ.